ಸಮ್ಮೇಳನದಲ್ಲಿ ಕಿರಿಯರ ಸರದಿ

(ಜೈವಿಕ ತಂತ್ರಜ್ಞಾನ ಮತ್ತು ಕೆಮಿಕಲ್ ಎಂಜಿನಿಯರಿಂಗ್ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

1972ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಜಪಾನಿನ ವಿಜ್ಞಾನಿಗಳು ಹವಾಯಿಯ ಹೊನೊಲುಲುವಿನಲ್ಲಿ ಸೇರಿದ್ದರು. ವಿಷಯ ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾದೊಳಗೆ ಇರುವ ಚಿಕ್ಕ ಡಿಎನ್‌ಎ ಉಂಗುರಗಳು. ಸ್ಟ್ಯಾನ್‌ಫರ್ಡ್‌ನ ಸ್ಟಾನ್ಲಿ ಕೋಹೆನ್ ಈ ಉಂಗುರಗಳನ್ನು ಬ್ಯಾಕ್ಟೀರಿಯಾದೊಳಕ್ಕೆ ಸೇರಿಸುವುದನ್ನು ಕಲಿತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಹರ್ಬರ್ಟ್ ಬೋಯರ್ ಬಳಿ ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸಿ, ಮತ್ತೆ ಜೋಡಿಸಬಹುದಾದ ಅಂಟುತುದಿಗಳನ್ನು ಉಳಿಸುವ ಕಿಣ್ವವಿತ್ತು. ಇಬ್ಬರ ಪ್ರಯೋಗಾಲಯಗಳ ನಡುವೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆದರೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕೆಲಸ ಹೇಗೆ ಕೂಡುತ್ತದೆ ಎಂಬುದು ಹೊಳೆದದ್ದು ಪೆಸಿಫಿಕ್ ಸಾಗರದ ನಡುವೆ, ದಿನದ ಗೋಷ್ಠಿಗಳು ಮುಗಿದ ಮೇಲೆ, ವೈಕಿಕಿ ಕಡಲತೀರದ ಬಳಿಯ ಒಂದು ತಿನಿಸಿನಂಗಡಿಯಲ್ಲಿ.

ಕತ್ತರಿಸಿದ ಡಿಎನ್‌ಎ ತುಂಡನ್ನು ಪ್ಲಾಸ್ಮಿಡ್ಡಿಗೆ ಜೋಡಿಸಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಬಹುದು ಎಂದು ತೋರಿಸಿದ ಅವರ ಪ್ರಬಂಧ ಮರುವರ್ಷವೇ ಪ್ರಕಟವಾಯಿತು. 1976ರಲ್ಲಿ ಈ ತಂತ್ರದ ಮೇಲೆ ನಿಂತ ಜೆನೆಂಟೆಕ್ ಕಂಪನಿ ಹುಟ್ಟಿತು. 1978ರಲ್ಲಿ ಬ್ಯಾಕ್ಟೀರಿಯಾದಿಂದ ಮಾನವ ಇನ್ಸುಲಿನ್ ತಯಾರಾಯಿತು, 1982ರಲ್ಲಿ ಅದು ಔಷಧವಾಗಿ ಒಪ್ಪಿಗೆ ಪಡೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮನೆಗಳ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಸೀಸೆಗೂ ಆ ರಾತ್ರಿಯ ಮಾತಿಗೂ ನೇರ ಸಂಬಂಧವಿದೆ.

ಸಮ್ಮೇಳನ ಏಕೆ ಬೇಕು ಎಂದು ಯಾರಾದರೂ ಕೇಳಿದಾಗ ಈ ಪ್ರಸಂಗವನ್ನೇ ನಾವು ಮುಂದಿಡುತ್ತೇವೆ. ಅದು ಸರಿಯೇ. ಆದರೆ ಆ ಮೇಜಿನ ಸುತ್ತ ಕುಳಿತಿದ್ದವರು ಆಗಲೇ ಸ್ವಂತ ಪ್ರಯೋಗಾಲಯ ಕಟ್ಟಿಕೊಂಡಿದ್ದವರು. ಊಟಕ್ಕೆ ಹೊರಟಾಗ ಅವರನ್ನು ಕರೆಯುವವರಿದ್ದರು. ಎರಡು ನಗರಗಳ ನಡುವೆ ಆ ಡಿಎನ್‌ಎ ಮಾದರಿಗಳನ್ನು ಒಯ್ದವರು ಕೋಹೆನ್ ಅವರ ಪ್ರಯೋಗಾಲಯದ ತಂತ್ರಜ್ಞೆ ಆ್ಯನಿ ಚಾಂಗ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆ, ಸ್ಟ್ಯಾನ್‌ಫರ್ಡ್‌ನಲ್ಲಿ ಕೆಲಸ. ದಿನದ ಪ್ರಯಾಣದಲ್ಲೇ ಮಾದರಿಗಳೂ ಹೋಗಿಬಂದವು. 1973ರ ಪ್ರಬಂಧದಲ್ಲಿ ಅವರ ಹೆಸರೂ ಇದೆ. ನನ್ನ ಪ್ರಶ್ನೆ ಇಷ್ಟು: ಎರಡನೆಯ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳನ್ನು ಆ ಮೇಜಿಗೆ ಕರೆಯುವವರು ಯಾರು? ಅವಳಾಗಿಯೇ ಹೋಗಿ ಕುಳಿತುಕೊಳ್ಳಲಿ ಎಂದು ಬಿಟ್ಟರೆ ಅವಳು ಕುಳಿತುಕೊಳ್ಳುವುದಿಲ್ಲ. ಸಮ್ಮೇಳನ ನಡೆಸುವವರು ಅವಳಿಗೆ ಅಲ್ಲಿ ಜಾಗ ಮಾಡಿಕೊಡಬೇಕು. ಸಮಯಪಟ್ಟಿಯಲ್ಲಿ, ಬಜೆಟ್ಟಿನಲ್ಲಿ, ಕುರ್ಚಿಗಳನ್ನು ಜೋಡಿಸುವ ಬಗೆಯಲ್ಲಿ ಅದನ್ನು ಬರೆದಿಡಬೇಕು. ಇಂದು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಇದು ಎಲ್ಲ ವಿಜ್ಞಾನಗಳಿಗೂ ಅನ್ವಯಿಸುವ ಮಾತಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಜೈವಿಕ ಅಣುಗಳ ಎಂಜಿನಿಯರಿಂಗ್‌ನಲ್ಲಿ ಇದರ ಅಗತ್ಯ ಹೆಚ್ಚು. ಈ ಕ್ಷೇತ್ರಕ್ಕೆ ಒಂದೇ ಮನೆ ಇಲ್ಲ. ಪ್ರೋಟೀನು, ಕಿಣ್ವ, ಡಿಎನ್‌ಎಗಳನ್ನು ನಮಗೆ ಬೇಕಾದ ಕೆಲಸಕ್ಕೆ ತಿದ್ದುವ ವಿದ್ಯೆ ಇದು. ತಣ್ಣೀರಿನಲ್ಲೂ ಕಲೆ ತೆಗೆಯುವ ಬಟ್ಟೆಪುಡಿಯ ಕಿಣ್ವದಿಂದ ಹಿಡಿದು ಕ್ಯಾನ್ಸರಿಗೆ ಕೊಡುವ ಪ್ರತಿಕಾಯದವರೆಗೆ ಇದರ ಫಲಗಳಿವೆ. ಇದನ್ನು ಕಟ್ಟಿದವರು ಬೇರೆ ಬೇರೆ ಬಾಗಿಲುಗಳಿಂದ ಒಳಬಂದರು. ಫ್ರಾನ್ಸೆಸ್ ಆರ್ನಾಲ್ಡ್ ಮೊದಲು ಓದಿದ್ದು ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಎಂಜಿನಿಯರಿಂಗ್; ಅನಂತರ ಸೌರಶಕ್ತಿಯ ಕೆಲಸ, ಆಮೇಲೆ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ. ಕಿಣ್ವಗಳಿಗೆ ಯಾದೃಚ್ಛಿಕ ಬದಲಾವಣೆಗಳನ್ನು ತಂದು, ಉತ್ತಮವಾದವನ್ನು ಆರಿಸಿ, ಮತ್ತೆ ಬದಲಿಸುತ್ತ ಹೋಗುವ ವಿಧಾನಕ್ಕಾಗಿ ಅವರಿಗೆ 2018ರ ರಸಾಯನಶಾಸ್ತ್ರ ನೊಬೆಲ್ ಸಂದಿತು. 2024ರಲ್ಲಿ ಅದೇ ಪ್ರಶಸ್ತಿ ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೂ, ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಿಂದ ಊಹಿಸಿದ್ದಕ್ಕಾಗಿ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ ಹೋಯಿತು.

ಹೀಗಿರುವಾಗ ನಮ್ಮ ರಾಜ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನ ಸಂಶೋಧಕಿಯ ಸ್ಥಿತಿಯನ್ನು ಯೋಚಿಸಿ. ಅವಳು ಒಂದು ಕಿಣ್ವದ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದ್ದಾಳೆ. ಪ್ರೋಟೀನು ಧಾರಾಳವಾಗಿ ತಯಾರಾಗುತ್ತಿದೆ, ಆದರೆ ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗಿ ಜೀವಕೋಶದೊಳಗೇ ಕೂತುಬಿಡುತ್ತಿದೆ. ಇದಕ್ಕೆ ಇನ್‌ಕ್ಲೂಷನ್ ಬಾಡಿ ಎನ್ನುತ್ತಾರೆ, ಈ ಕೆಲಸ ಮಾಡಿದವರೆಲ್ಲರಿಗೂ ಪರಿಚಿತ ಶತ್ರು. ತಾಪಮಾನವನ್ನು 37 ಡಿಗ್ರಿಯಿಂದ 18ಕ್ಕೆ ಇಳಿಸಬಹುದು, ಪ್ರಚೋದಕ ರಾಸಾಯನಿಕವನ್ನು ಕಡಿಮೆ ಮಾಡಬಹುದು, ಚೆನ್ನಾಗಿ ಕರಗುವ ಇನ್ನೊಂದು ಪ್ರೋಟೀನಿನ ಬಾಲ ಕಟ್ಟಬಹುದು, ಬ್ಯಾಕ್ಟೀರಿಯಾ ಬಿಟ್ಟು ಯೀಸ್ಟ್ ಹಿಡಿಯಬಹುದು. ಇದೆಲ್ಲ ಪ್ರಬಂಧಗಳಲ್ಲಿದೆ. ಪ್ರಬಂಧಗಳಲ್ಲಿ ಇಲ್ಲದಿರುವುದು ತನ್ನ ಪ್ರೋಟೀನಿಗೆ ಯಾವುದನ್ನು ಮೊದಲು ಮಾಡಿ ನೋಡಬೇಕು ಎಂಬುದು. ಹತ್ತು ದಾರಿ ಹಿಡಿದು ಸೋತವರು ಆ ಸೋಲುಗಳನ್ನು ಅಚ್ಚು ಹಾಕಿಸುವುದಿಲ್ಲ, ಯಾವ ನಿಯತಕಾಲಿಕವೂ ಅವನ್ನು ಕೇಳುವುದಿಲ್ಲ. ಅವಳ ವಿಭಾಗದಲ್ಲಿ ಪಕ್ಕದ ಕೋಣೆಯವರು ಡಿಸ್ಟಿಲೇಷನ್ ಕಾಲಂ ಮೇಲೆ ಕೆಲಸ ಮಾಡುವವರು, ಎದುರು ಕೋಣೆಯವರು ಕೊಳಚೆ ನೀರಿನ ಶುದ್ಧೀಕರಣದವರು. ಗೈಡ್ ಪ್ರಾಮಾಣಿಕರೇ, ಆದರೆ ಅವರಿಗೂ ಇದು ಹೊಸದು. ಅವಳ ನಿಜವಾದ ಸಹೋದ್ಯೋಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಡೆನ್ಮಾರ್ಕಿನಲ್ಲೋ ಇದ್ದಾರೆ. ಅಂಥವರು ಸಮ್ಮೇಳನದಲ್ಲಿ ಅವಳು ತನ್ನ ಕೆಲಸವನ್ನು ವಿವರಿಸಿ ಗೋಡೆಗೆ ಹಚ್ಚಿದ ಪೋಸ್ಟರಿನ ಮುಂದೆ ನಿಂತು, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಜೆಲ್‌ನ ಚಿತ್ರ ನೋಡಿ, ಒಂದೆರಡು ಪ್ರಶ್ನೆ ಕೇಳಿ, 'ಮೊದಲು ಇದನ್ನು ಮಾಡಿ ನೋಡಿ' ಎಂದರೆ ಆರು ತಿಂಗಳು ಉಳಿಯುತ್ತದೆ. ಪಿಎಚ್‌ಡಿಯ ನಾಲ್ಕೈದು ವರ್ಷಗಳಲ್ಲಿ ಆರು ತಿಂಗಳು ಎಂದರೆ ಎಷ್ಟು ದೊಡ್ಡದು ಎಂಬುದು ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಭೇಟಿಯ ಬಗ್ಗೆ ಹೇಳುತ್ತೇನೆ. ಇದರಲ್ಲಿ ಕಿರಿಯರ ಪಾತ್ರ ಹೆಚ್ಚು ಸ್ಪಷ್ಟವಾಗಿದೆ. 2011ರ ಮಾರ್ಚಿನಲ್ಲಿ ಪೋರ್ಟೊರಿಕೊದ ಸ್ಯಾನ್ ವಾನ್ ನಗರದಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನ ಸಂಘದ ಸಮ್ಮೇಳನ ನಡೆಯಿತು. ಎಮ್ಯಾನುಯೆಲ್ ಶಾರ್ಪೆಂಟಿಯೇ ಮತ್ತು ಜೆನ್ನಿಫರ್ ಡೌಡ್ನಾ ಅಲ್ಲಿ ಮೊದಲ ಬಾರಿಗೆ ಭೇಟಿಯಾದರು, ಹಳೆಯ ಪೇಟೆಯ ಬೀದಿಗಳಲ್ಲಿ ನಡೆಯುತ್ತ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ತಿದ್ದಲು ಮುಂದೆ ಸಾಧನವಾದ ಕ್ಯಾಸ್9 ಎಂಬ ಪ್ರೋಟೀನಿನ ಬಗ್ಗೆ ಜೊತೆಯಾಗಿ ಕೆಲಸ ಮಾಡಲು ನಿರ್ಧರಿಸಿದರು. 2012ರಲ್ಲಿ ಪ್ರಬಂಧ, 2020ರಲ್ಲಿ ನೊಬೆಲ್. ಇಷ್ಟು ಎಲ್ಲರಿಗೂ ಗೊತ್ತು. ಆ ಪ್ರಬಂಧದ ಮೇಲೆ ಮೊದಲು ಇರುವ ಎರಡು ಹೆಸರುಗಳು ಮಾರ್ಟಿನ್ ಯಿನೆಕ್ ಮತ್ತು ಕ್ರಿಸ್ಟಾಫ್ ಖಿಲಿನ್‌ಸ್ಕಿ. ಒಬ್ಬರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸುತ್ತಿದ್ದ ಪೋಸ್ಟ್‌ಡಾಕ್, ಇನ್ನೊಬ್ಬರು ವಿಯೆನ್ನಾದಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಖಿಲಿನ್‌ಸ್ಕಿ ಪೋಲೆಂಡಿನವರು. ಯಿನೆಕ್ ಬೆಳೆದದ್ದು ಪೋಲೆಂಡಿನ ಗಡಿಗೆ ಹತ್ತಿರದ ಚೆಕ್ ಊರಿನಲ್ಲಿ, ಅವರಿಗೂ ಪೋಲಿಷ್ ಬರುತ್ತಿತ್ತು. ಹಿರಿಯರಿಬ್ಬರು ಇಂಗ್ಲಿಷಿನಲ್ಲಿ ಮಾಡಿಕೊಂಡ ಒಪ್ಪಂದವನ್ನು ಕಿರಿಯರಿಬ್ಬರು ಸ್ಕೈಪ್‌ನಲ್ಲಿ, ಬಹುಮಟ್ಟಿಗೆ ಪೋಲಿಷ್‌ನಲ್ಲಿ ಮಾತಾಡಿಕೊಳ್ಳುತ್ತ ಪ್ರಯೋಗವಾಗಿಸಿದರು.

ಇದರಿಂದ ನಾನು ಎರಡು ಮಾತು ಕಲಿಯುತ್ತೇನೆ. ಸಮ್ಮೇಳನದಲ್ಲಿ ಹಿರಿಯರ ಪರಿಚಯವಾದರೆ ಸಾಲದು, ಕೆಲಸ ಮಾಡುವ ಕೈಗಳ ಪರಿಚಯವೂ ಆಗಬೇಕು. ಗೈಡ್ ಸಮ್ಮೇಳನಕ್ಕೆ ಹೋಗಿ ಬಂದು 'ಇಂಥವರನ್ನು ಭೇಟಿಯಾದೆ' ಎಂದರೆ ವಿದ್ಯಾರ್ಥಿಗೆ ಸಿಗುವುದು ಅರ್ಧ. ಇನ್ನೊಂದು, ಮನಸ್ಸಿನಲ್ಲಿರುವ ಅರೆಬೆಂದ ಯೋಚನೆಯನ್ನು ಅಳುಕಿಲ್ಲದೆ ಹೇಳಿಕೊಳ್ಳಲು ತನ್ನದೆನಿಸುವ ಭಾಷೆ ಬೇಕು. ಕರ್ನಾಟಕದಲ್ಲಿ ನಡೆಯುವ ಸಭೆಗಳಲ್ಲೂ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೈ ಎತ್ತದೆ, ಹಾಗೆಯೇ ಹಿಂದಿರುಗುವುದನ್ನು ನಾನು ಕಂಡಿದ್ದೇನೆ. ಪ್ರಶ್ನೆ ಬಹಳ ಒಳ್ಳೆಯದಾಗಿರುತ್ತದೆ. ಗೋಷ್ಠಿಯ ಅಧ್ಯಕ್ಷರು 'ಕನ್ನಡದಲ್ಲಿ ಕೇಳಿ, ನಾನು ಭಾಷಣಕಾರರಿಗೆ ಹೇಳುತ್ತೇನೆ' ಎಂದು ಮೊದಲೇ ಘೋಷಿಸಿದರೆ ಅದಕ್ಕೆ ತಗಲುವ ಖರ್ಚು ಅರ್ಧ ನಿಮಿಷ. ದಯವಿಟ್ಟು ಇದನ್ನು ಮಾಡಿ.

ಪ್ರಶ್ನೆಯ ವಿಷಯ ಬಂದದ್ದರಿಂದ ಒಂದು ಅಧ್ಯಯನದ ಮಾತು. 2018ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕಾಗಿ 10 ದೇಶಗಳ ಸುಮಾರು 250 ವಿಭಾಗೀಯ ಸೆಮಿನಾರುಗಳನ್ನು ಗಮನಿಸಿದರು. ಸಭೆಯಲ್ಲಿದ್ದ ಗಂಡಸರು ಪ್ರಶ್ನೆ ಕೇಳುವ ಸಂಭವ ಹೆಂಗಸರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಮೊದಲ ಪ್ರಶ್ನೆ ಗಂಡಸಿನಿಂದ ಬಂದ ಸಭೆಗಳಲ್ಲಿ ಆಮೇಲೆ ಹೆಂಗಸರ ಪ್ರಶ್ನೆಗಳ ಪಾಲು ಇನ್ನೂ ಕುಗ್ಗುತ್ತಿತ್ತು. ಮೈಕ್ ಮೊದಲು ಯಾರ ಕೈಗೆ ಹೋಗುತ್ತದೆ ಎಂಬುದು ಇಷ್ಟು ಮುಖ್ಯವಾದರೆ, ಮೊದಲ ಎರಡು ಪ್ರಶ್ನೆ ವಿದ್ಯಾರ್ಥಿಗಳಿಗೆ, ಅದರಲ್ಲೂ ವಿದ್ಯಾರ್ಥಿನಿಯರಿಗೆ ಮೀಸಲು ಎಂಬ ನಿಯಮ ಮಾಡಲು ನಾವು ಏಕೆ ಹಿಂಜರಿಯಬೇಕು? ಮುಂದಿನ ಸಾಲಿನ ಹಿರಿಯರು ಐದು ನಿಮಿಷ ಕಾಯಬಲ್ಲರು.

ಕಿರಿಯರಿಗೆ ಜಾಗ ಮಾಡುವುದನ್ನು ಅಭ್ಯಾಸವಾಗಿಸಿಕೊಂಡ ಸಮ್ಮೇಳನಗಳು ಇವೆ. ಅಮೆರಿಕದ ಗಾರ್ಡನ್ ಸಂಶೋಧನಾ ಸಮ್ಮೇಳನಗಳು 1931ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾದವು. ಅಲ್ಲಿ ಆಡಿದ ಮಾತನ್ನು ಹೊರಗೆ ಉಲ್ಲೇಖಿಸುವಂತಿಲ್ಲ, ಪರದೆಯ ಫೋಟೋ ತೆಗೆಯುವಂತಿಲ್ಲ. ಈ ನಿಯಮದ ರಕ್ಷಣೆಯಲ್ಲಿ ಜನ ಇನ್ನೂ ಮುಗಿಯದ ಕೆಲಸವನ್ನು, ಕೈಕೊಟ್ಟ ಪ್ರಯೋಗವನ್ನು ಬಿಚ್ಚಿಡುತ್ತಾರೆ. ಮಧ್ಯಾಹ್ನ ಬಿಡುವು, ಹೊಳೆಯ ದಂಡೆಯಲ್ಲೋ ಆಟದ ಬಯಲಿನಲ್ಲೋ ಮಾತು ಮುಂದುವರಿಯುತ್ತದೆ. ಇವುಗಳಲ್ಲಿ ಹಲವಕ್ಕೆ ಮುಂಚಿನ ವಾರಾಂತ್ಯದಲ್ಲಿ ಒಂದು ಸೆಮಿನಾರ್ ಇರುತ್ತದೆ. ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಪೋಸ್ಟ್‌ಡಾಕ್‌ಗಳೇ ಅದನ್ನು ಯೋಜಿಸಿ, ಅಧ್ಯಕ್ಷತೆ ವಹಿಸಿ, ಮಾತಾಡುತ್ತಾರೆ. ಈ ವ್ಯವಸ್ಥೆ ನನಗೆ ಬಹಳ ಇಷ್ಟ. ದೊಡ್ಡ ಸಮ್ಮೇಳನಕ್ಕೆ ಕಾಲಿಡುವ ಹೊತ್ತಿಗೆ ಹುಡುಗ ಹುಡುಗಿಯರಿಗೆ ಆಗಲೇ ಹತ್ತಾರು ಮುಖಗಳು ಗೊತ್ತಿರುತ್ತವೆ, ಒಮ್ಮೆ ಮಾತಾಡಿ ದನಿ ಸಡಿಲವಾಗಿರುತ್ತದೆ.

ಇನ್ನೊಂದು ಮಾದರಿ 1994ರಲ್ಲಿ ಆರಂಭವಾದ ಕ್ಯಾಸ್ಪ್, ಪ್ರೋಟೀನಿನ ಆಕಾರ ಊಹಿಸುವ ವಿಧಾನಗಳ ಪರೀಕ್ಷೆ. ಪ್ರಯೋಗದಿಂದ ಆಕಾರ ತಿಳಿದಿದ್ದರೂ ಇನ್ನೂ ಬಹಿರಂಗವಾಗದ ಪ್ರೋಟೀನುಗಳ ಅನುಕ್ರಮವನ್ನು ಮಾತ್ರ ಕೊಡುತ್ತಾರೆ. ಜಗತ್ತಿನ ಯಾವುದೇ ಗುಂಪು ಆಕಾರವನ್ನು ಊಹಿಸಿ ಕಳುಹಿಸಬಹುದು. ಅಂಕ ಕೊಡುವವರಿಗೆ ಯಾರ ಉತ್ತರ ಎಂಬುದು ಮೊದಲು ಗೊತ್ತಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಸೇರಿ ಫಲಿತಾಂಶ ಚರ್ಚಿಸುತ್ತಾರೆ. 2020ರಲ್ಲಿ ಹಸ್ಸಾಬಿಸ್ ಮತ್ತು ಜಂಪರ್ ತಂಡದ ಆಲ್ಫಾಫೋಲ್ಡ್ ತಂತ್ರಾಂಶ ತನ್ನ ಶಕ್ತಿ ತೋರಿಸಿದ್ದು ಇಲ್ಲಿಯೇ. ಹೆಸರಾಂತ ಸಂಸ್ಥೆಯ ತಲೆಬರಹ ಇಲ್ಲದವರಿಗೂ ಇಂಥ ಪರೀಕ್ಷೆ ಒಂದು ಬಾಗಿಲು. ಪದವಿ ವಿದ್ಯಾರ್ಥಿಗಳಿಗೆ ಐಜೆಮ್ ಇದೆ. 2004ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐದು ತಂಡಗಳಿಂದ ಆರಂಭವಾದ ಸಿಂಥೆಟಿಕ್ ಬಯಾಲಜಿ, ಅಂದರೆ ಜೀವಕೋಶಗಳನ್ನು ಹೊಸ ಕೆಲಸಕ್ಕೆ ರೂಪಿಸುವ ವಿದ್ಯೆಯ ಸ್ಪರ್ಧೆ. 2009ರಲ್ಲಿ ಬೆಂಗಳೂರಿನ ಒಂದು ತಂಡ ಅದರಲ್ಲಿ ಭಾಗವಹಿಸಿತು. ಅವರು ಕಲೆ ಮತ್ತು ವಿನ್ಯಾಸದ ವಿದ್ಯಾರ್ಥಿಗಳು! ಮೊದಲ ಮಳೆಗೆ ಮಣ್ಣು ಬೀರುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ಅಣುವನ್ನು ಬ್ಯಾಕ್ಟೀರಿಯಾದಿಂದ ಹೊರಡಿಸುವ ಯೋಜನೆ ಅವರದು. ಅಂಥ ತಂಡವನ್ನು ಒಳಗೆ ಬಿಟ್ಟುಕೊಂಡ ಆ ಸಭೆಯ ದೊಡ್ಡ ಮನಸ್ಸನ್ನು ನಾನು ಮೆಚ್ಚುತ್ತೇನೆ.

ನಮ್ಮಲ್ಲಿ ಸಂಪ್ರದಾಯವೇ ಇಲ್ಲ ಎಂದಲ್ಲ. ಭಾರತದ ಜೀವರಸಾಯನ ವಿಜ್ಞಾನಿಗಳ ಸಂಘ 1930ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿತು. ಹೊಸದಾಗಿ ಕೆಲಸಕ್ಕೆ ಸೇರಿದ ಜೀವವಿಜ್ಞಾನಿಗಳಿಗಾಗಿ ಮತ್ತು ವಿದೇಶದಿಂದ ಮರಳಲು ಬಯಸುವ ಪೋಸ್ಟ್‌ಡಾಕ್‌ಗಳಿಗಾಗಿ 2009ರಿಂದ ಯುವ ಸಂಶೋಧಕರ ಸಭೆ ನಡೆಯುತ್ತಿದೆ. ಅದನ್ನು ನಡೆಸುವ ಇಂಡಿಯಾ ಬಯೋಸೈನ್ಸ್ ಕೂಡ ಬೆಂಗಳೂರಿನದೇ. ಇನ್ನೂ ಹಿಂದಕ್ಕೆ ಹೋದರೆ, 1952ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೆ. ಡಿ. ಬರ್ನಲ್ ಮದರಾಸಿಗೆ ಬಂದಾಗ, ಚರ್ಮ ಮತ್ತು ಮೂಳೆಗಳಲ್ಲಿರುವ ಕೊಲ್ಯಾಜನ್ ಪ್ರೋಟೀನಿಗೆ ಇನ್ನೂ ತೃಪ್ತಿಕರವಾದ ರಚನೆ ಸಿಕ್ಕಿಲ್ಲ ಎಂದು ಮೂವತ್ತರ ಜಿ. ಎನ್. ರಾಮಚಂದ್ರನ್ ಅವರ ಬಳಿ ಹೇಳಿದರು. ಕೊಲ್ಯಾಜನ್ ಮಾದರಿ ಹತ್ತಿರದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲೇ ಸಿಕ್ಕಿತು. ಗೋಪಿನಾಥ್ ಕರ್ತಾ ಜೊತೆಗೂಡಿ ಅವರು 1954 ಮತ್ತು 1955ರಲ್ಲಿ ಕೊಲ್ಯಾಜನ್ನಿನ ರಚನೆಯನ್ನು ಮುಂದಿಟ್ಟರು. ಆ ದಾರಿಯಲ್ಲೇ, ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ತೋರಿಸುವ 1963ರ ರಾಮಚಂದ್ರನ್ ನಕ್ಷೆ ಬಂತು. ಇಂದಿಗೂ ಪ್ರೋಟೀನ್ ವಿನ್ಯಾಸ ಮಾಡುವವರು ತಮ್ಮ ರಚನೆಯನ್ನು ಅದರ ಮುಂದೆ ಹಿಡಿದು ನೋಡುತ್ತಾರೆ. ರಾಮಚಂದ್ರನ್ ಮುಂದೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ದೂರದಿಂದ ಬಂದ ಅತಿಥಿಯೊಬ್ಬರು ಒಬ್ಬ ತರುಣ ವಿಜ್ಞಾನಿಯೊಂದಿಗೆ ಬಿಡುವಾಗಿ ಮಾತಾಡಿದ್ದರಿಂದ ಇಷ್ಟಾಯಿತು.

ಈಗ ನಮ್ಮ ಸಾಮಾನ್ಯ ಸಮ್ಮೇಳನದ ಮೊದಲ ದಿನವನ್ನು ನೋಡೋಣ. ಹತ್ತಕ್ಕೆ ಆರಂಭ ಎಂದು ಆಹ್ವಾನ ಪತ್ರಿಕೆಯಲ್ಲಿದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಸ್ಮರಣ ಸಂಚಿಕೆ ಬಿಡುಗಡೆ, ಶಾಲು ಹಾರ, ವೇದಿಕೆಯ ಮೇಲಿನ ಪ್ರತಿಯೊಬ್ಬರ ಭಾಷಣ, ವಂದನಾರ್ಪಣೆ. ಚಹಾ ಕುಡಿಯುವ ಹೊತ್ತಿಗೆ ಹನ್ನೆರಡೂವರೆ. ಕಳೆದುಹೋದ ಸಮಯವನ್ನು ಎಲ್ಲಿಂದ ಹಿಡಿಯುತ್ತಾರೆ? ವಿದ್ಯಾರ್ಥಿಗಳ ಭಾಷಣಗಳಿಂದ. ಹತ್ತು ನಿಮಿಷ ಐದಾಗುತ್ತದೆ, ಪ್ರಶ್ನೋತ್ತರ ಇಲ್ಲವಾಗುತ್ತದೆ. ಪೋಸ್ಟರುಗಳು ಊಟದ ಸರತಿಯ ಪಕ್ಕದ ಮೊಗಸಾಲೆಗೆ ಹೋಗುತ್ತವೆ. ತಟ್ಟೆ ಹಿಡಿದವರು ಅವುಗಳ ಕಡೆ ಕಣ್ಣು ಹಾಯಿಸಿ ಮುಂದೆ ಸಾಗುತ್ತಾರೆ. ತೀರ್ಪುಗಾರರು ಪೋಸ್ಟರ್ ಒಂದಕ್ಕೆ ಎರಡು ನಿಮಿಷ ಕೊಟ್ಟು ಬಹುಮಾನ ಘೋಷಿಸುತ್ತಾರೆ. ರಾತ್ರಿಯಿಡೀ ಬಸ್ಸಿನಲ್ಲಿ ಕಲಬುರಗಿಯಿಂದಲೋ ಬೀದರಿನಿಂದಲೋ ಬಂದ ಹುಡುಗಿ ಪ್ರಮಾಣಪತ್ರ ಹಿಡಿದು ಮರಳುತ್ತಾಳೆ. ಅವಳ ಜೆಲ್‌ನ ಚಿತ್ರವನ್ನು ಯಾರೂ ನಿಂತು ನೋಡಲಿಲ್ಲ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

ಅತಿಥಿಗಳಿಗೆ ಗೌರವ ಬೇಡ ಎನ್ನುತ್ತಿಲ್ಲ. ಉದ್ಘಾಟನೆ ಇಪ್ಪತ್ತು ನಿಮಿಷದಲ್ಲಿ ಮುಗಿಯಲಿ. ಪೋಸ್ಟರುಗಳಿಗೆ ಬೇರೆ ಏನೂ ನಡೆಯದ ಎರಡು ಗಂಟೆ ಮೀಸಲಾಗಲಿ, ಎಲ್ಲ ದಿನವೂ ಅವು ಗೋಡೆಯ ಮೇಲೆಯೇ ಇರಲಿ. ಆಹ್ವಾನಿತ ಭಾಷಣಕಾರರಿಗೆ ಕಳುಹಿಸುವ ಪತ್ರದಲ್ಲೇ 'ತಾವು ನಾಲ್ಕು ಪೋಸ್ಟರುಗಳ ಮುಂದೆ ಹದಿನೈದು ಹದಿನೈದು ನಿಮಿಷ ಕಳೆಯಬೇಕು, ಅವುಗಳ ಪಟ್ಟಿ ಇಲ್ಲಿದೆ' ಎಂದು ಬರೆಯಿರಿ. ಯಾರೂ ಬೇಸರಪಡುವುದಿಲ್ಲ, ನಾನು ಬಲ್ಲ ಹಿರಿಯರಲ್ಲಿ ಹೆಚ್ಚಿನವರಿಗೆ ಅದು ಸಂತೋಷದ ಕೆಲಸ. ಬಹುಮಾನಕ್ಕಿಂತ ಪ್ರತಿ ಪೋಸ್ಟರಿಗೂ ಇಬ್ಬರ ಲಿಖಿತ ಟಿಪ್ಪಣಿ ಸಿಗುವುದು ಮೇಲು. ಬಹುಮಾನ ಮೂವರಿಗೆ, ಟಿಪ್ಪಣಿ ಎಲ್ಲರಿಗೂ.

ಹಣದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕು. 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಅದೂ ಸಿಗದವರು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಹಳ. ಯುರೋಪಿಗೋ ಅಮೆರಿಕಕ್ಕೋ ಹೋಗುವ ವಿಮಾನ, ನೋಂದಣಿ, ವಸತಿ ಎಲ್ಲ ಸೇರಿದರೆ ಹಲವು ತಿಂಗಳ ಫೆಲೋಶಿಪ್ ಕರಗುತ್ತದೆ. ನೆರವು ಇಲ್ಲವೆಂದಲ್ಲ. ಹಿಂದೆ ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ನಡೆಸುತ್ತಿದ್ದ ಅಂತರರಾಷ್ಟ್ರೀಯ ಪ್ರಯಾಣ ನೆರವು ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಅಡಿಯಲ್ಲಿದೆ, ಜೈವಿಕ ತಂತ್ರಜ್ಞಾನ ಇಲಾಖೆಯ ಯೋಜನೆಯಿದೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಗಳಿಗೆ ವರ್ಷಕ್ಕೆ ಎರಡು ಲಕ್ಷದ ಸಂಶೋಧನಾ ಅನುದಾನವಿದೆ. 2016ರಲ್ಲಿ ಭಾರತವು ಯುರೋಪಿನ ಜೀವವಿಜ್ಞಾನ ಸಂಘಟನೆಯಾದ ಎಂಬೋ ವ್ಯವಸ್ಥೆಯ ಸಹ ಸದಸ್ಯ ರಾಷ್ಟ್ರವಾದ ಮೇಲೆ ಅಲ್ಲಿನ ಕಾರ್ಯಕ್ರಮಗಳೂ ನಮಗೆ ತೆರೆದಿವೆ. ತೊಡಕಿರುವುದು ಪಾವತಿಯ ಕ್ರಮದಲ್ಲಿ. ಬಹುಪಾಲು ಅನುದಾನಗಳಲ್ಲಿ ಮೊದಲು ಕೈಯಿಂದ ಖರ್ಚು ಮಾಡಿ, ಬಂದ ಮೇಲೆ ಬಿಲ್ಲು, ಬೋರ್ಡಿಂಗ್ ಪಾಸು ಕೊಟ್ಟು, ಹಣಕ್ಕಾಗಿ ಕಾಯಬೇಕು. ಮನೆಯಲ್ಲಿ ಎರಡು ಲಕ್ಷ ಇರುವವನಿಗೆ ಇದು ಕಿರಿಕಿರಿ; ಇಲ್ಲದವನಿಗೆ ಇದು ನಿರಾಕರಣೆ. ವಿಶ್ವವಿದ್ಯಾಲಯಗಳು ಒಂದು ಸುತ್ತುನಿಧಿ ಇಟ್ಟು, ಮಂಜೂರಾತಿ ಪತ್ರ ಬಂದ ಕೂಡಲೇ ಮುಂಗಡ ಕೊಟ್ಟು, ಅನುದಾನ ಬಂದಾಗ ಹಿಂದಕ್ಕೆ ಪಡೆಯಬಹುದು. ಹಣ ಕಳೆದುಹೋಗುವುದಿಲ್ಲ, ತಿರುಗುತ್ತಲೇ ಇರುತ್ತದೆ.

ವೀಸಾ ಇನ್ನೊಂದು ಗೋಡೆ. 2022ರ ಕೊನೆಯಲ್ಲಿ ಅಮೆರಿಕದ ಸಂದರ್ಶಕ ವೀಸಾದ ಸಂದರ್ಶನಕ್ಕೆ ಭಾರತದ ಕೆಲವು ನಗರಗಳಲ್ಲಿ ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ. ಆಗಲೂ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ, ಧಾರವಾಡದ ವಿದ್ಯಾರ್ಥಿಯೂ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿತ್ತು. ಸಮ್ಮೇಳನಕ್ಕೆ ಮೂರು ತಿಂಗಳು ಮುಂಚೆ ಸ್ವೀಕಾರ ಪತ್ರ ಕಳುಹಿಸುವ ಸಂಘಟಕರು ನಮ್ಮವರನ್ನು ತಿಳಿಯದೆಯೇ ಹೊರಗಿಡುತ್ತಾರೆ. ಹೊರದೇಶದ ಸಮಿತಿಗಳಲ್ಲಿರುವ ಕನ್ನಡಿಗ ವಿಜ್ಞಾನಿಗಳು ಈ ಮಾತನ್ನು ಅಲ್ಲಿ ಎತ್ತಬೇಕೆಂದು ನನ್ನ ವಿನಂತಿ. ಆನ್‌ಲೈನ್ ಪಾಲ್ಗೊಳ್ಳುವಿಕೆ ಭಾಷಣ ಕೇಳಲು ಸಾಕು, ಪೋಸ್ಟರಿಗೆ ಸಾಲದು.

ಭಾಷಣದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಮೊದಲ ವರ್ಷದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು 'ಫಲಿತಾಂಶವೇ ಇಲ್ಲದಾಗ ಸಮ್ಮೇಳನಕ್ಕೆ ಹೋಗಿ ಏನು ಮಾಡಲಿ ಸರ್?' ಎಂದು ಕೇಳಿದರು. ಹೋಗಿ, ಖಂಡಿತ ಹೋಗಿ. ಮಾಡಬೇಕೆಂದಿರುವ ಪ್ರಯೋಗವನ್ನೇ ಪೋಸ್ಟರಾಗಿ ಬರೆಯಿರಿ. ಕೆಲಸ ಮುಗಿದ ಮೇಲೆ ಸಿಗುವ ಸಲಹೆಗಿಂತ ಶುರುವಾಗುವ ಮುನ್ನ ಸಿಗುವ ಸಲಹೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೋಗುವ ಮೊದಲು ಸಾರಾಂಶ ಪುಸ್ತಕ ಓದಿ, ಭೇಟಿಯಾಗಬೇಕಾದ ಐದು ಜನರನ್ನು ಗುರುತಿಸಿ. ಅವರಲ್ಲಿ ಮೂವರಾದರೂ ನಿಮ್ಮ ಹಾಗೆಯೇ ಪಿಎಚ್‌ಡಿ ಮಾಡುತ್ತಿರುವವರಿರಲಿ. ವಾರದ ಮುಂಚೆ ಎರಡು ಸಾಲಿನ ಇಮೇಲ್ ಕಳುಹಿಸಿ. ಹಿರಿಯರ ಬಳಿ ನಿಮ್ಮನ್ನು ಕರೆದೊಯ್ದು ಹೆಸರು ಹೇಳಿ ಪರಿಚಯಿಸುವುದು ನಿಮ್ಮ ಗೈಡ್ ಕೆಲಸ, ಅವರನ್ನು ಸಂಕೋಚವಿಲ್ಲದೆ ಕೇಳಿ.

ಜಿಲ್ಲಾ ಕೇಂದ್ರದ ಕಾಲೇಜಿನ ಅಧ್ಯಾಪಕಿಯೊಬ್ಬರು ತಮ್ಮಲ್ಲಿ ಹಣವೇ ಇಲ್ಲ ಎಂದರು. ಒಂದು ದಿನದ ಸಭೆ ಸಾಕು ಮೇಡಂ. ಅಕ್ಕಪಕ್ಕದ ನಾಲ್ಕು ಜಿಲ್ಲೆಗಳ ವಿದ್ಯಾರ್ಥಿಗಳನ್ನು ಕರೆಯಿರಿ, ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂತಿರಲಿ. ಹೊರಗಿನಿಂದ ಇಬ್ಬರು ಅನುಭವಿಗಳನ್ನು ಕರೆಸಿ. ಭಾಷಣಕ್ಕಲ್ಲ, ಪೋಸ್ಟರ್ ನೋಡುವುದಕ್ಕೆ. ದೊಡ್ಡ ಹಾಳೆಯಲ್ಲಿ ಮುದ್ರಿಸಲು ದುಡ್ಡಿಲ್ಲದವರು ಎ4 ಹಾಳೆಗಳನ್ನು ಒಂದರ ಪಕ್ಕ ಒಂದು ಅಂಟಿಸಲಿ. ಪ್ರತಿ ಪೋಸ್ಟರಿನ ಪಕ್ಕದಲ್ಲಿ ಎರಡು ಕುರ್ಚಿ ಹಾಕಿಸಿ, ನೋಡಲು ಬಂದವರು ಕುಳಿತು ಮಾತಾಡುವಂತಿರಲಿ. ಊಟ ಕಾಲೇಜಿನ ಹಾಸ್ಟೆಲ್ಲಿನಲ್ಲೇ ಆಗಲಿ. ನೀವು ದಿನಾಂಕ ಗೊತ್ತುಮಾಡಿ ತಿಳಿಸಿದರೆ ಆ ಇಬ್ಬರಲ್ಲಿ ಒಬ್ಬನಾಗಿ ನಾನು ಬರುತ್ತೇನೆ.